ಈಗ ನಗು, ಮರುಕ್ಷಣ ರಂಪ: ಆಟಿಸಂ ಇರುವ ಮಕ್ಕಳ ಮನಸ್ಸಿನ ಏರಿಳಿತ

ಪ್ರಶ್ನೆ: ನಮ್ಮ ಮಗನಿಗೆ ಒಂಬತ್ತು ವರ್ಷ. ಆಟಿಸಂ (ಇತರರೊಂದಿಗೆ ಬೆರೆಯುವುದು, ಮಾತುಕತೆ ಕಷ್ಟವಾಗುವ, ಮಿದುಳಿನ ಬೆಳವಣಿಗೆಯ ಭಿನ್ನತೆ) ಇದೆಯೆಂದು ನಾಲ್ಕನೆಯ ವಯಸ್ಸಿನಲ್ಲಿ ತಿಳಿಯಿತು. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತನಾಡುತ್ತಾನೆ. ಕಳೆದ ಕೆಲವು ತಿಂಗಳಿಂದ ಅವನ ಮನಃಸ್ಥಿತಿ ಯಾವಾಗ ಹೇಗಿರುತ್ತದೆಂದು ಹೇಳಲಾಗುತ್ತಿಲ್ಲ. ನಗುನಗುತ್ತಾ ಆಡುತ್ತಿದ್ದವನು ಇದ್ದಕ್ಕಿದ್ದಂತೆ ಕಿರುಚುತ್ತಾನೆ, ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ, ಹತ್ತಿರ ಹೋದವರಿಗೆ ಹೊಡೆಯುತ್ತಾನೆ. ಅರ್ಧ ಗಂಟೆ ಕಳೆದ ಮೇಲೆ ಏನೂ ನಡೆದೇ ಇಲ್ಲವೆಂಬಂತೆ ಬಂದು ನನ್ನ ತೊಡೆಯ ಮೇಲೆ ತಲೆಯಿಡುತ್ತಾನೆ. ಶಾಲೆಯಲ್ಲಿ ಕೇಳಿದರೆ ‘ಇಲ್ಲಿ ಬಹಳ ಒಳ್ಳೆಯ ಹುಡುಗ’ ಎನ್ನುತ್ತಾರೆ. ನನ್ನ ಅತಿಯಾದ ಮುದ್ದೇ ಇದಕ್ಕೆಲ್ಲ ಕಾರಣವೆಂದು ಮನೆಯವರು ಹೇಳುತ್ತಿದ್ದಾರೆ. ಶಿಸ್ತು ಕಲಿಸಬೇಕೇ, ಇಲ್ಲವೇ ಅವನ ಪಾಡಿಗೆ ಬಿಟ್ಟುಬಿಡಬೇಕೇ?
– ಒಬ್ಬ ತಾಯಿ

ಉತ್ತರ: ಮೊದಲು ನಿಮ್ಮ ಮೇಲಿರುವ ಆರೋಪವನ್ನು ಇಳಿಸಿಬಿಡೋಣ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಆಟಿಸಂ ಇರುವ ಮಕ್ಕಳ ಲಕ್ಷಣಗಳನ್ನು ವಿವರವಾಗಿ ಬರೆದ ನಂತರದ ವರ್ಷಗಳಲ್ಲಿ, ತಾಯಂದಿರಿಗೆ ಮಮತೆ ಸಾಲದೆ ಮಕ್ಕಳು ಹೀಗಾಗುತ್ತಾರೆಂಬ ಮಾತು ವೈದ್ಯರ ನಡುವೆಯೇ ಹರಡಿತ್ತು. ಆಟಿಸಂ ಇದ್ದ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲಿ ಆ ವಾದವನ್ನು ಅಲ್ಲಗಳೆದರು. 1977ರಲ್ಲಿ ಪ್ರಕಟವಾದ ಅವಳಿ ಮಕ್ಕಳ ಅಧ್ಯಯನವು ಇದರಲ್ಲಿ ಆನುವಂಶಿಕತೆಯ ಪಾತ್ರ ದೊಡ್ಡದೆಂದು ತೋರಿಸಿತು. ಆಗ ಪ್ರೀತಿ ಕಡಿಮೆಯಾಯಿತೆಂದು ದೂರಿದರು, ಈಗ ಹೆಚ್ಚಾಯಿತೆಂದು ದೂರುತ್ತಾರೆ. ಎರಡು ಸಲವೂ ಕಟಕಟೆಯಲ್ಲಿ ನಿಂತವಳು ತಾಯಿಯೇ. ನಿಮ್ಮ ಮಗ ಮನೆಯಲ್ಲಿ ಸಿಡಿಯುವುದಕ್ಕೆ ನಿಮ್ಮ ಮುದ್ದು ಕಾರಣವಲ್ಲ.

ಹಾಗಾದರೆ ಶಾಲೆಯಲ್ಲಿ ಶಾಂತವಾಗಿರುವವನು ಮನೆಯಲ್ಲೇಕೆ ಹೀಗೆ? ಶಾಲೆಯಲ್ಲಿ ಅವನು ಶಾಂತವಾಗಿಲ್ಲ, ತಡೆದುಕೊಂಡಿದ್ದಾನೆ ಎಂಬುದೇ ಹೆಚ್ಚು ಸಂಭವನೀಯ. ಬೆಂಚು ಎಳೆಯುವ ಸದ್ದು, ಮಿನುಗುವ ಟ್ಯೂಬ್‌ಲೈಟ್, ಪಕ್ಕದವನ ಮೊಣಕೈ ತಾಗುವುದು, ಕುತ್ತಿಗೆಗೆ ಚುಚ್ಚುವ ಅಂಗಿಯ ಲೇಬಲ್, ಪಾಠದ ನಡುವೆ ದಿಢೀರನೆ ಬದಲಾಗುವ ಪೀರಿಯಡ್ಡು, ಇವು ನಮ್ಮ ಗಮನಕ್ಕೇ ಬಾರದ ಸಂಗತಿಗಳು. ಇಂದ್ರಿಯ ಪ್ರಚೋದನೆಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಪ್ರತಿಕ್ರಿಯಿಸುವುದನ್ನು 2013ರಲ್ಲಿ ಬಂದ ಡಿಎಸ್‌ಎಂ‑5 ಎಂಬ ರೋಗನಿರ್ಣಯ ಕೈಪಿಡಿಯು ಆಟಿಸಂನ ಮಾನದಂಡಗಳಲ್ಲೇ ಸೇರಿಸಿತು. ಇಷ್ಟನ್ನೂ ಸಹಿಸಿಕೊಂಡು, ಉಳಿದ ಮಕ್ಕಳಂತೆ ಕೂರಲು ದಿನವಿಡೀ ಪ್ರಯತ್ನಿಸಿದ ಮಗು ತನಗೆ ಭಯವಿಲ್ಲದ ಜಾಗಕ್ಕೆ ಬಂದಾಗ ಹಿಡಿತ ಸಡಿಲಿಸುತ್ತದೆ. ಹಾಲು ಉಕ್ಕಿದ ಕ್ಷಣವನ್ನಷ್ಟೇ ನೋಡಿದವರಿಗೆ ಅದು ‘ಇದ್ದಕ್ಕಿದ್ದಂತೆ’ ಉಕ್ಕಿತೆಂದೇ ತೋರುತ್ತದೆ. ಒಲೆ ಎಷ್ಟು ಹೊತ್ತಿನಿಂದ ಉರಿಯುತ್ತಿತ್ತು ಎಂಬುದು ಕಾಣುವುದಿಲ್ಲ. ಆದ್ದರಿಂದ ರಂಪ ನಡೆಯುವ ಅರ್ಧ ಗಂಟೆಗಿಂತ ಅದರ ಹಿಂದಿನ ಮೂರು ನಾಲ್ಕು ಗಂಟೆಗಳ ಮೇಲೆ ನಿಮ್ಮ ಗಮನವಿರಲಿ.

ಆದರೆ ಅದಕ್ಕೂ ಮುಂಚೆ ಆಗಬೇಕಾದ ಕೆಲಸವೊಂದಿದೆ. ‘ಕೆಲವು ತಿಂಗಳಿಂದ’ ಎಂದು ನೀವು ಬರೆದಿದ್ದೀರಿ. ಮೊದಲಿರದ ಬದಲಾವಣೆ ಈಚೆಗೆ ಶುರುವಾಗಿದೆಯೆಂದರೆ, ವರ್ತನೆಯ ಲೆಕ್ಕಾಚಾರಕ್ಕೆ ಇಳಿಯುವ ಮೊದಲು ಮಗುವಿನ ದೇಹವನ್ನು ಪರೀಕ್ಷಿಸಲೇಬೇಕು. ಹಸಿವು, ಬಾಯಾರಿಕೆ, ಮೂತ್ರದ ಒತ್ತಡ, ನೋವು ಇವನ್ನು ಒಳಗಿನಿಂದ ಗುರುತಿಸುವುದೇ ಆಟಿಸಂ ಇರುವ ಅನೇಕ ಮಕ್ಕಳಿಗೆ ಕಷ್ಟ. ಗುರುತಿಸಿದರೂ ‘ಇಲ್ಲಿ ನೋಯುತ್ತಿದೆ’ ಎಂದು ಬೆರಳಿಟ್ಟು ತೋರಿಸುವುದು ಇನ್ನೂ ಕಷ್ಟ. ಹುಳುಕು ಹಲ್ಲು, ಕಿವಿಯ ಸೋಂಕು, ಮಲಬದ್ಧತೆ, ಎದೆಯುರಿ, ಮೈಗ್ರೇನ್ ತಲೆನೋವು, ಇವುಗಳಲ್ಲಿ ಯಾವುದೇ ಒಂದು ವಾರಗಟ್ಟಲೆ ಮಾತಿಲ್ಲದೆ ಕಾಡಿ, ಹೊರಗಿನವರ ಕಣ್ಣಿಗೆ ಸಿಟ್ಟಾಗಿ ಕಾಣಬಲ್ಲದು. ಮಲಬದ್ಧತೆಯಂತೂ ಬಹಳ ಸಾಮಾನ್ಯ, ಬಹಳ ಸುಲಭವಾಗಿ ಕಣ್ತಪ್ಪುವಂಥದ್ದು. ಮಗು ದಿನಾ ಶೌಚಕ್ಕೆ ಹೋಗುತ್ತಿದ್ದರೂ ಹೊಟ್ಟೆ ಪೂರ್ತಿ ಖಾಲಿಯಾಗದೆ ಇರಬಹುದು. ಕೆನ್ನೆಯನ್ನು ಗೋಡೆಗೆ ಒತ್ತುವುದು, ಊಟವನ್ನು ಒಂದೇ ಬದಿಯಲ್ಲಿ ಅಗಿಯುವುದು, ಹೊಟ್ಟೆಯನ್ನು ಮೇಜಿನ ಅಂಚಿಗೆ ಆನಿಸಿ ನಿಲ್ಲುವುದು, ಕಿವಿಯ ಬಳಿ ಬಡಿದುಕೊಳ್ಳುವುದು ಕಂಡುಬಂದರೆ ವೈದ್ಯರಿಗೆ ತಪ್ಪದೆ ಹೇಳಿ. ಕೈ ಕಚ್ಚಿಕೊಳ್ಳುವುದೂ ಕೆಲವು ಸಲ ನೋವಿನ ಸೂಚನೆಯೇ. ನಿದ್ರೆಯನ್ನೂ ಕೇಳಬೇಕು: ಎಷ್ಟು ಹೊತ್ತಿಗೆ ಮಲಗುತ್ತಾನೆ, ಮಧ್ಯೆ ಎಷ್ಟು ಸಲ ಏಳುತ್ತಾನೆ, ಗೊರಕೆ ಹೊಡೆಯುತ್ತಾನೆಯೇ. ಬೇರೆ ಕಾಯಿಲೆಗೆ ಹೊಸದಾಗಿ ಔಷಧ ಶುರುವಾಗಿದ್ದರೆ ಅದನ್ನೂ ತಿಳಿಸಿ. ಮೂರ್ಛೆರೋಗಕ್ಕೆ ಕೊಡುವ ಲೆವೆಟಿರಾಸೆಟಂ ಕೆಲವು ಮಕ್ಕಳಲ್ಲಿ ಸಿಡುಕನ್ನು ಹೆಚ್ಚಿಸುವುದು ವೈದ್ಯರಿಗೆ ಗೊತ್ತಿರುವ ಸಂಗತಿ.

ದೇಹದ ತೊಂದರೆಯೇನೂ ಇಲ್ಲವೆಂದಾದರೆ, ಅಥವಾ ಅದರ ಚಿಕಿತ್ಸೆ ನಡೆಯುತ್ತಿರುವಾಗಲೇ, ಒಂದು ನೋಟ್‌ಪುಸ್ತಕ ಇಡಿ. ಉದ್ದುದ್ದ ಬರೆಯಬೇಕಾಗಿಲ್ಲ. ‘ಮಂಗಳವಾರ, ಸಂಜೆ 4.20. ಶಾಲೆಯಿಂದ ಬಂದ. ಬ್ಯಾಗು ಇಳಿಸುವ ಮೊದಲೇ ಇವತ್ತು ಏನು ಕಲಿತೆ ಎಂದು ಕೇಳಿದೆ. ಉತ್ತರಿಸದೆ ಕಿವಿ ಮುಚ್ಚಿಕೊಂಡ. ಟಿವಿ ಜೋರಾಗಿತ್ತು. ಎರಡನೆಯ ಸಲ ಕೇಳಿದಾಗ ಕಿರುಚಿದ. ಕೋಣೆಯ ಮೂಲೆಗೆ ಹೋದ. 4.55ಕ್ಕೆ ನೀರು ಕೇಳಿದ.’ ಇಷ್ಟು ಸಾಕು. ಮೊದಲು ಏನಿತ್ತು, ಏನಾಯಿತು, ಆಮೇಲೆ ಏನಾಯಿತು ಎಂಬ ಮೂರೂ ಅದರಲ್ಲಿವೆ. ಎರಡು ಮೂರು ವಾರ ಹೀಗೆ ಬರೆದರೆ ಅದೇ ಹೊತ್ತು, ಅದೇ ಸದ್ದು, ಅದೇ ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳತೊಡಗುತ್ತದೆ. ಇನ್ನೂ ಮುಖ್ಯವಾಗಿ, ಕಿರುಚುವ ಮೊದಲಿನ ಸಣ್ಣ ಸೂಚನೆಗಳು ಸಿಗುತ್ತವೆ: ಒಂದೇ ವಾಕ್ಯವನ್ನು ಪದೇಪದೇ ಹೇಳುವುದು, ಹೆಜ್ಜೆ ಚುರುಕಾಗುವುದು, ಕಿವಿ ಕೆಂಪಾಗುವುದು, ಅಷ್ಟೇಕೆ, ವಿಪರೀತ ನಗುವುದು. ನಗುನಗುತ್ತಿದ್ದವನು ಕಿರುಚಿದ ಎಂದಿದ್ದೀರಲ್ಲ, ಆ ನಗು ಸಂತೋಷದ್ದೇ ಆಗಿತ್ತೇ ಎಂದು ಮುಂದಿನ ಸಲ ಗಮನಿಸಿ. ಮೈಮನಸ್ಸು ಅತಿಯಾಗಿ ಉದ್ರೇಕಗೊಂಡಾಗಲೂ ಕೆಲವು ಮಕ್ಕಳು ನಗುತ್ತಾರೆ.

ಶಾಲೆಯಿಂದ ಬಂದ ಮೊದಲ ಒಂದು ಗಂಟೆಯನ್ನು ಅವನಿಗೇ ಬಿಟ್ಟುಕೊಡಿ. ಪ್ರಶ್ನೆ ಬೇಡ, ಹೋಮ್‌ವರ್ಕ್ ಬೇಡ, ನೆಂಟರು ಬೇಡ. ಕೇಳದೆಯೇ ಕುಡಿಯಲು ತಿನ್ನಲು ಕೈಗೆ ಸಿಗುವಂತಿರಲಿ, ಬೆಳಕು ಮಂದವಾಗಿರಲಿ. ಅವನು ತೂಗಾಡಲಿ, ಕೈ ಬೀಸಲಿ, ಒಂದೇ ಆಟಿಕೆಯ ಚಕ್ರ ತಿರುಗಿಸುತ್ತಾ ಕೂರಲಿ. ಇವು ಬಿಡಿಸಬೇಕಾದ ದುರಭ್ಯಾಸಗಳಲ್ಲ, ಅವನು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವ ದಾರಿಗಳು. ಶಾಲೆಯವರೊಂದಿಗೂ ಮಾತನಾಡಿ. ‘ಇಲ್ಲಿ ಏನೂ ತೊಂದರೆಯಿಲ್ಲ’ ಎಂಬ ಉತ್ತರಕ್ಕೆ ಅಲ್ಲಿಗೇ ಸುಮ್ಮನಾಗಬೇಡಿ. ಮಧ್ಯಾಹ್ನದ ಮೇಲೆ ಐದು ಹತ್ತು ನಿಮಿಷ ಸದ್ದಿಲ್ಲದ ಜಾಗದಲ್ಲಿ ಕೂರಲು ಅವಕಾಶ ಕೊಡಿ ಎಂದು ಕೇಳಿ.

ಇನ್ನು ರಂಪ ಶುರುವಾದ ಹೊತ್ತಿನ ಮಾತು. ಆ ಹೊತ್ತಿನಲ್ಲಿ ನಾವು ಮಾಡುವುದು ಕಡಿಮೆಯಾದಷ್ಟೂ ಒಳ್ಳೆಯದು. ಮಾತು ಮಗುವಿಗೆ ಆಗ ಇನ್ನೊಂದು ಸದ್ದು, ಅಷ್ಟೆ. ‘ಯಾಕೆ ಹೀಗೆ ಮಾಡ್ತೀಯ?’ ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿಲ್ಲ; ‘ಸುಮ್ಮನಿರು’ ಎಂದದ್ದಕ್ಕೆ ಸುಮ್ಮನಾದ ಮಗುವನ್ನು ನಾನಂತೂ ಕಂಡಿಲ್ಲ. ಟಿವಿ ಆರಿಸಿ, ಪರದೆ ಎಳೆದು, ಉಳಿದವರನ್ನು ಪಕ್ಕದ ಕೋಣೆಗೆ ಕಳುಹಿಸಿ, ಚೂಪಾದ ಮತ್ತು ಒಡೆಯುವ ವಸ್ತುಗಳನ್ನು ಸರಿಸಿ, ಕೈಗೆ ಎಟುಕದಷ್ಟು ದೂರದಲ್ಲಿ, ನಿಂತುಕೊಳ್ಳದೆ ಕುಳಿತು, ಸುಮ್ಮನೆ ಕಾಯಿರಿ. ದಿಟ್ಟಿಸಿ ನೋಡಬೇಡಿ. ಕೈ ಕಚ್ಚಿಕೊಳ್ಳುವಾಗ ಎಳೆದಾಡುವ ಬದಲು ದಪ್ಪ ಬಟ್ಟೆಯನ್ನೋ ಕಚ್ಚಲೆಂದೇ ಮಾಡಿದ ರಬ್ಬರ್ ಸಾಧನವನ್ನೋ ಕೊಡಿ. ತಲೆ ಚಚ್ಚಿಕೊಂಡರೆ ದಿಂಬನ್ನು ಅಡ್ಡ ಹಿಡಿಯಿರಿ. ಬಿಗಿಯಾಗಿ ಅಪ್ಪಿದರೆ ಕೆಲವು ಮಕ್ಕಳು ಶಾಂತರಾಗುತ್ತಾರೆ, ಕೆಲವರು ಇನ್ನಷ್ಟು ಕೆರಳುತ್ತಾರೆ. ನಿಮ್ಮ ಮಗ ಯಾವ ಬಗೆಯವನೆಂಬುದು ನಿಮಗೆ ಗೊತ್ತಿರುತ್ತದೆ. ಆದರೆ ಬೋರಲು ಕೆಡವಿ ಬೆನ್ನಿನ ಮೇಲೆ ಭಾರ ಹಾಕಿ ಹಿಡಿಯುವುದನ್ನು ಯಾರೂ, ಯಾವ ಕಾರಣಕ್ಕೂ ಮಾಡಕೂಡದು. ಅದರಿಂದ ಉಸಿರು ಕಟ್ಟಿ ಪ್ರಾಣಕ್ಕೇ ಅಪಾಯವಾಗಬಹುದು.

ನೀವು ಕೇಳಿದ ಶಿಸ್ತಿನ ಪ್ರಶ್ನೆಗೆ ಈಗ ಬರುತ್ತೇನೆ. ಬೇಕಾದುದನ್ನು ಪಡೆಯಲು ಹೂಡುವ ಹಠ ಬೇರೆ, ತಾಳಲಾರದೆ ಸಿಡಿಯುವುದು ಬೇರೆ. ಹಠ ಮಾಡುವ ಮಗು ಮಧ್ಯೆ ಮಧ್ಯೆ ನಿಮ್ಮ ಮುಖ ನೋಡುತ್ತದೆ, ಕೇಳಿದ್ದು ಸಿಕ್ಕ ಕೂಡಲೇ ನಿಲ್ಲಿಸುತ್ತದೆ. ತಾಳಲಾರದೆ ಸಿಡಿದ ಮಗುವಿಗೆ ಏನು ಕೊಟ್ಟರೂ ನಿಲ್ಲಿಸಲಾಗುವುದಿಲ್ಲ. ಮನೆಯಲ್ಲಿ ಇವೆರಡೂ ಇಷ್ಟು ಸ್ಪಷ್ಟವಾಗಿ ಬೇರೆಯಾಗಿ ಇರುವುದಿಲ್ಲವೆಂಬುದೂ ನಿಜ. ಹಠವಾಗಿ ಶುರುವಾದದ್ದು ಕೈಮೀರಿ ಸಿಡಿತವಾಗುವುದುಂಟು. ಕೈಮೀರಿದ ಸ್ಥಿತಿಗೆ ಶಿಕ್ಷೆ ಕೊಟ್ಟರೆ ಮಗು ಕಲಿಯುವುದು ಭಯವನ್ನು ಮಾತ್ರ, ಮತ್ತು ಭಯ ಮುಂದಿನ ಸಿಡಿತವನ್ನು ಹತ್ತಿರ ತರುತ್ತದೆ. ಹಾಗೆಂದು ಹೊಡೆತವನ್ನು ಒಪ್ಪಿಕೊಳ್ಳಬೇಕೆಂದಿಲ್ಲ. ಎಲ್ಲ ಶಾಂತವಾದ ಮೇಲೆ, ಸಾಧ್ಯವಾದರೆ ಮರುದಿನ, ಅವನಿಗೆ ಅರ್ಥವಾಗುವ ಪುಟ್ಟ ವಾಕ್ಯದಲ್ಲಿ ‘ಹೊಡೆಯಬಾರದು, ಸಾಕಾದಾಗ ಈ ಕಾರ್ಡು ತೋರಿಸು’ ಎಂದು ಹೇಳಿ, ‘ಬಿಡುವು ಬೇಕು’ ಎಂಬುದನ್ನು ಸೂಚಿಸುವ ಆ ಕಾರ್ಡನ್ನು ಅವನ ಕೈಯಲ್ಲಿಡಿ. ಅವನು ಮಾತನಾಡುತ್ತಾನಲ್ಲ, ಕಾರ್ಡೇಕೆ ಎನ್ನಬೇಡಿ. ಚೆನ್ನಾಗಿ ಮಾತನಾಡುವ ಮಕ್ಕಳಿಗೂ ಒತ್ತಡದ ಹೊತ್ತಿನಲ್ಲಿ ಮಾತು ಕೈಕೊಡುತ್ತದೆ. ಕಾರ್ಡು ತೋರಿಸಿದ ಪ್ರತಿ ಸಲವೂ, ಅದು ನಿಮಗೆ ಎಷ್ಟೇ ಅನನುಕೂಲವಾದರೂ, ಆರಂಭದ ವಾರಗಳಲ್ಲಿ ಕೂಡಲೇ ಬಿಡುವು ಸಿಗಲೇಬೇಕು. ಹೊಡೆದರೆ ಸಿಗುವ ಬಿಡುವು ಕಾರ್ಡು ತೋರಿಸಿದರೆ ಇನ್ನೂ ಬೇಗ ಸಿಗುತ್ತದೆಂದು ಅವನಿಗೆ ಮನವರಿಕೆಯಾದರೆ ಮಾತ್ರ ಅವನು ದಾರಿ ಬದಲಿಸುತ್ತಾನೆ. ಒಳ್ಳೆಯ ವರ್ತನೆಗೆ ಬಹುಮಾನವಾಗಿ ನಕ್ಷತ್ರ ಅಂಟಿಸುವ ಗೋಡೆಯ ಚಾರ್ಟುಗಳ ಬಗ್ಗೆ ನನಗೆ ಹೆಚ್ಚು ಭರವಸೆಯಿಲ್ಲ. ಅವು ಮಗುವಿಗೆ ಸಾಧ್ಯವಿರುವುದನ್ನು ಮಾಡಿಸಬಲ್ಲವೇ ಹೊರತು ಸಾಧ್ಯವಿಲ್ಲದ್ದನ್ನಲ್ಲ.

ಪ್ರಶ್ನೆ: ಹದಿಮೂರು ವರ್ಷದ ನನ್ನ ಮಗಳಿಗೆ ಆಟಿಸಂ ಇದೆ. ಆರು ತಿಂಗಳ ಹಿಂದೆ ಮುಟ್ಟು ಶುರುವಾಯಿತು. ಈಗ ಕೆಲವು ದಿನ ವಿಪರೀತ ಅಳು, ಕೆಲವು ದಿನ ಕರೆದರೂ ಓಗೊಡದ ಮೌನ. ಸಂಬಂಧಿಕರೊಬ್ಬರು ಇದು ಬೈಪೋಲಾರ್ ಕಾಯಿಲೆ ಎನ್ನುತ್ತಿದ್ದಾರೆ. ಹೌದೇ?
– ಒಬ್ಬ ತಂದೆ

ಉತ್ತರ: ಕೆಲವು ದಿನ ಅಳು, ಕೆಲವು ದಿನ ಮೌನ ಎಂಬುದಷ್ಟನ್ನೇ ನೋಡಿ ಬೈಪೋಲಾರ್ ಎಂದು ನಿರ್ಧರಿಸಲಾಗದು. ಅತಿಯಾದ ಉತ್ಸಾಹದ ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಆ ಕಾಯಿಲೆಯಲ್ಲಿ ಮನಸ್ಸಿನ ಸ್ಥಿತಿ ದಿನಗಟ್ಟಲೆ, ವಾರಗಟ್ಟಲೆ ಬದಲಾಗಿಯೇ ಉಳಿಯುತ್ತದೆ. ಉನ್ಮಾದದ ಅವಧಿಯಲ್ಲಿ ಎರಡು ಮೂರು ಗಂಟೆ ಮಲಗಿದರೂ ಆಯಾಸವೇ ಇಲ್ಲದಂತೆ ಮಗು ಚುರುಕಾಗಿರುತ್ತದೆ. ಮೊದಲು ಒಂದು ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಗಳನ್ನೂ ಅಳುವಿನ ದಿನಗಳನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ. ಎರಡೂ ಮೂರು ತಿಂಗಳು ಜೊತೆಜೊತೆಗೆ ಬಂದರೆ ಸ್ತ್ರೀರೋಗ ತಜ್ಞರಿಗೆ ಆ ಪುಟವನ್ನೇ ತೋರಿಸಿ. ಹೊಟ್ಟೆನೋವಿಗೆ ಮುಂಚಿತವಾಗಿಯೇ ಔಷಧ ಕೊಡುವುದರಿಂದಲೂ ಬಹಳ ವ್ಯತ್ಯಾಸವಾಗಬಹುದು. ಪ್ಯಾಡಿನ ಸ್ಪರ್ಶವೇ ಅವಳಿಗೆ ಹಿಂಸೆಯಾಗುತ್ತಿದ್ದರೆ ಹೀರಿಕೊಳ್ಳುವ ಬಟ್ಟೆಯ ಒಳಉಡುಪನ್ನು ಪ್ರಯತ್ನಿಸಿ. ಇದನ್ನೆಲ್ಲ ಅವಳ ತಾಯಿಯೋ ಅವಳಿಗೆ ಸಲುಗೆಯಿರುವ ಇನ್ನೊಬ್ಬ ಹೆಂಗಸೋ ಚಿತ್ರಗಳ ಸಹಾಯದಿಂದ ಮುಂಚೆಯೇ ವಿವರಿಸುವುದು ಒಳ್ಳೆಯದು.

ಅಳುವಿಗಿಂತ ನನ್ನನ್ನು ಹೆಚ್ಚು ಯೋಚನೆಗೀಡುಮಾಡುವುದು ಆ ಮೌನ. ಒತ್ತಡ ಹೆಚ್ಚಾದಾಗ ಕೆಲವು ಮಕ್ಕಳು ಹೊರಕ್ಕೆ ಸಿಡಿಯುವ ಬದಲು ಒಳಕ್ಕೆ ಮುದುಡಿಕೊಳ್ಳುತ್ತಾರೆ; ಕೆಲವು ಗಂಟೆ ಏಕಾಂತದಲ್ಲಿದ್ದು ಚೇತರಿಸಿಕೊಂಡರೆ ಆತಂಕವಿಲ್ಲ. ಆದರೆ ಊಟ ನಿದ್ರೆ ಕೆಟ್ಟು, ಇಷ್ಟದ ಸಂಗತಿಗಳೂ ಬೇಡವಾಗಿ, ಇದು ಎರಡು ವಾರ ದಾಟಿದರೆ ಖಿನ್ನತೆಯ ಸಾಧ್ಯತೆಯನ್ನು ಪರೀಕ್ಷಿಸಬೇಕು. ಚಲನೆ ನಿಧಾನವಾಗಿ, ಬಾಗಿಲ ಬಳಿ ಹೆಜ್ಜೆ ನಿಂತುಬಿಟ್ಟು, ಚಮಚ ಹಿಡಿದ ಕೈ ಅರ್ಧದಲ್ಲೇ ತಡೆದು, ಬರುತ್ತಿದ್ದ ಕೆಲಸಗಳು ಮರೆತಂತಾದರೆ ಅದು ಕ್ಯಾಟಟೋನಿಯಾ ಆಗಿರಬಹುದು. ಹೆಚ್ಚಾಗಿ ಹದಿಹರೆಯದಲ್ಲಿ ಕಾಣಿಸಿಕೊಳ್ಳುವ ಇದಕ್ಕೆ ಚಿಕಿತ್ಸೆಯಿದೆ, ತಡಮಾಡದೆ ಮನೋವೈದ್ಯರ ಬಳಿ ಹೋಗಿ. ಕಣ್ಣು ಒಂದೆಡೆ ನೆಟ್ಟು ಕೆಲವು ಕ್ಷಣ ಪ್ರಜ್ಞೆ ತಪ್ಪಿದಂತಾಗುತ್ತಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಿ ನರರೋಗ ತಜ್ಞರಿಗೆ ತೋರಿಸಿ. ಆಟಿಸಂ ಇರುವವರಲ್ಲಿ ಮೂರ್ಛೆರೋಗ ಉಳಿದವರಿಗಿಂತ ಹೆಚ್ಚು, ಹದಿಹರೆಯ ಅದು ತಲೆದೋರುವ ವಯಸ್ಸುಗಳಲ್ಲಿ ಒಂದು.

ಪ್ರಶ್ನೆ: ಏಳು ವರ್ಷದ ಮಗನ ಸಿಟ್ಟಿಗೆ ವೈದ್ಯರು ರಿಸ್ಪೆರಿಡೋನ್ ಬರೆದುಕೊಟ್ಟಿದ್ದಾರೆ. ಕೊಡಲು ಭಯವಾಗುತ್ತಿದೆ. ಒಮ್ಮೆ ಶುರುಮಾಡಿದರೆ ಜೀವನಪರ್ಯಂತ ಕೊಡಬೇಕೇ?
– ಹೆಸರು ಬೇಡ

ಉತ್ತರ: ಹಾಗೇನಿಲ್ಲ. ಆಟಿಸಂ ಇರುವ ಮಕ್ಕಳ ತೀವ್ರ ಸಿಡುಕುತನಕ್ಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿರುವುದು ಎರಡು ಔಷಧಗಳಿಗೆ: 2006ರಲ್ಲಿ 5ರಿಂದ 16 ವರ್ಷದವರಿಗೆ ರಿಸ್ಪೆರಿಡೋನ್, 2009ರಲ್ಲಿ 6ರಿಂದ 17 ವರ್ಷದವರಿಗೆ ಅರಿಪಿಪ್ರಜೋಲ್. ಇವು ಆಟಿಸಂ ಅನ್ನು ಗುಣಪಡಿಸುವ ಔಷಧಗಳಲ್ಲ. ಮಗು ತನಗೂ ಇತರರಿಗೂ ಗಾಯ ಮಾಡುವಷ್ಟು ಪರಿಸ್ಥಿತಿ ಬಿಗಡಾಯಿಸಿದಾಗ, ಬೇರೆ ಪ್ರಯತ್ನಗಳಿಗೆ ಎಡೆಯಾಗುವಷ್ಟು ಅದನ್ನು ತಗ್ಗಿಸುತ್ತವೆ. ಅಂಥ ಸ್ಥಿತಿಯಲ್ಲಿ ಔಷಧ ಕೊಡುವುದನ್ನು ಪೋಷಕರ ಸೋಲೆಂದು ನಾನು ಭಾವಿಸುವುದಿಲ್ಲ. ಮೊದಲ ಉತ್ತರದಲ್ಲಿ ಹೇಳಿದ ದೇಹಪರೀಕ್ಷೆಯನ್ನೂ ಮಾಡದೆ ಮೊದಲ ಭೇಟಿಯಲ್ಲೇ ಬರೆದುಕೊಟ್ಟಿದ್ದರೆ ಮಾತ್ರ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಶುರುಮಾಡುವ ಮೊದಲು ತೂಕ, ಸಕ್ಕರೆ, ಕೊಬ್ಬಿನ ಅಂಶಗಳ ಪರೀಕ್ಷೆಯಾಗಲಿ, ಆಮೇಲೆ ವೈದ್ಯರು ಹೇಳಿದ ಅವಧಿಗೊಮ್ಮೆ ಅವು ಮರುಪರೀಕ್ಷೆಯಾಗಲಿ, ಏಕೆಂದರೆ ಹಸಿವೂ ತೂಕವೂ ಹೆಚ್ಚುವುದು ಇದರ ಸಾಮಾನ್ಯ ಅಡ್ಡಪರಿಣಾಮ. ಮಂಪರು, ಕೈಕಾಲು ಬಿಗಿತ, ಬಾಯಿಯ ವಿಚಿತ್ರ ಚಲನೆ, ಎದೆಯಲ್ಲಿ ಊತ ಕಂಡರೆ ಕೂಡಲೇ ತಿಳಿಸಿ. ಯಾವ ಲಕ್ಷಣ ಎಷ್ಟು ಕಡಿಮೆಯಾದರೆ ಪ್ರಯೋಜನವಾಯಿತೆಂದು ಲೆಕ್ಕ, ಮತ್ತು ಯಾವಾಗ ಪ್ರಮಾಣ ಇಳಿಸಿ ನೋಡುವುದು ಎಂಬ ಎರಡು ಪ್ರಶ್ನೆಗಳನ್ನು ಮೊದಲ ದಿನವೇ ವೈದ್ಯರಿಗೆ ಕೇಳಿ. ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸುವುದಾದರೂ ವೈದ್ಯರ ಉಸ್ತುವಾರಿಯಲ್ಲಿ ಹಂತಹಂತವಾಗಿಯೇ ಆಗಬೇಕು.