ಹರಕು ಬಟ್ಟೆ ಕೊಟ್ಟರೆ ಪತ್ರಿಕೆ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಅಲ್ಲಿನ ಹಳ್ಳಿಯೊಂದರ 1820ರ ದಶಕದ ಪತ್ರಿಕೆಯ ಫೋಟೊ ಕಳಿಸಿದ್ದಾಳೆ. ಇಂಗ್ಲೆಂಡಿನ ಸುದ್ದಿ ಉದ್ದಕ್ಕೂ ಇದೆ, ಆ ಊರಿನದು ಒಂದೂ ಇಲ್ಲ! ಒಂದು ಜಾಹೀರಾತು ‘ಹರಕು ಬಟ್ಟೆ ಬೇಕು’ ಅನ್ನುತ್ತದೆ. ಇನ್ನೊಂದರಲ್ಲಿ ಓಡಿಹೋದ ಹುಡುಗನನ್ನು ಹಿಡಿದುಕೊಟ್ಟರೆ ಒಂದು ಸೆಂಟ್ ಬಹುಮಾನ. ಏನಿದು?
– ಓದುಗರೊಬ್ಬರು, ಶನಿವಾರಸಂತೆ

ಉತ್ತರ: ನಿಮ್ಮ ಊರನ್ನೇ ನೋಡಿ. ಯಾರ ತೋಟಕ್ಕೆ ಆನೆ ನುಗ್ಗಿತು ಅನ್ನೋದು ಪೇಪರ್ ಬರುವ ಮೊದಲೇ ಸಂತೆಯಲ್ಲಿ ಗೊತ್ತಾಗಿರುತ್ತದೆ, ಅಲ್ವಾ? ಅಲ್ಲೂ ಹಾಗೇ. ಊರಿನ ಸುದ್ದಿ ಬಾಯಲ್ಲೇ ಓಡಾಡುತ್ತಿತ್ತು. ವಾರಕ್ಕೊಮ್ಮೆ ಕಾಸು ಕೊಟ್ಟು ಓದಬೇಕಾದದ್ದು ದೂರದ ಸುದ್ದಿ. 1792ರ ಅಂಚೆ ಕಾನೂನಿನಿಂದ ಪತ್ರಿಕೆಯವರು ಒಬ್ಬರಿಗೊಬ್ಬರು ತಮ್ಮ ಪ್ರತಿಯನ್ನು ಪುಕ್ಕಟೆ ಕಳಿಸಬಹುದಿತ್ತು. ಹಾಗೆ ಬಂದದ್ದರಿಂದ ಬೇಕಾದ್ದನ್ನು ಆರಿಸಿ, ಅಚ್ಚುಮೊಳೆ, ಅಂದರೆ ಲೋಹದ ಬಿಡಿ ಅಕ್ಷರ, ಮತ್ತೆ ಜೋಡಿಸಿ ಅಚ್ಚು ಹಾಕುತ್ತಿದ್ದರು.

ಆ ಕೆಲಸ ನನ್ನ ಕೈಗೆ ಗೊತ್ತು. ವಿರಾಜಪೇಟೆಯ ಸಣ್ಣ ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಅಚ್ಚುಮೊಳೆ ಜೋಡಿಸಿದವನು ನಾನು. ಮದುವೆ ಕರೆಯೋಲೆ, ಕಾಫಿ ತೋಟದ ಲೆಕ್ಕದ ಪುಸ್ತಕ, ಎಲ್ಲಾ. ಒಂದೊಂದು ಅಕ್ಷರವೂ ತಿರುಗುಮುರುಗು. ನಮ್ಮದು ಕಾಲಲ್ಲಿ ತುಳಿಯುವ ಟ್ರೆಡಲ್ ಆಗಿತ್ತು. ಅವರು ಕೈಯಲ್ಲಿ ಹಿಡಿಕೆ ಎಳೆಯಬೇಕು. ಒಬ್ಬ ಮಸಿ ಹಚ್ಚಿ ಇನ್ನೊಬ್ಬ ಎಳೆದರೆ ಗಂಟೆಗೆ ಸುಮಾರು ಇನ್ನೂರು ಹಾಳೆ, ಅದೂ ಒಂದೇ ಮಗ್ಗುಲು. ಮಸಿ ಹಚ್ಚಲು ಮೊದಲು ಚರ್ಮದ ಉಂಡೆ ಇತ್ತು. ಆಮೇಲೆ ಬಂದದ್ದು ಅಂಟು ಮತ್ತು ಕಾಕಂಬಿ ಕಾಯಿಸಿ ಎರಕ ಹೊಯ್ದ ರೋಲರ್. ನಮ್ಮದೂ ಅದೇ ಜಾತಿ. ಕಕ್ಕಡದ ಮಳೆಯಲ್ಲಿ ಅದು ಮೆತ್ತಗಾಗಿ ಅಕ್ಷರಕ್ಕೆ ಅಂಟಿಕೊಳ್ಳುತ್ತಿತ್ತು. ಪಕ್ಕದಲ್ಲಿ ಕೆಂಡದ ಬಾಣಲೆ ಇಟ್ಟು ಕೋಣೆ ಒಣಗಿಸುತ್ತಿದ್ದೆವು. ರಾತ್ರಿ ಮುಚ್ಚಿಡದಿದ್ದರೆ ಸಿಹಿ ವಾಸನೆಗೆ ಇಲಿ ಬಂದು ಕಡಿದುಬಿಡುತ್ತಿತ್ತು.

ಇನ್ನು ಹರಕು ಬಟ್ಟೆ. ಆಗ ಮರದಿಂದ ಕಾಗದ ಮಾಡುತ್ತಿರಲಿಲ್ಲ. ಹತ್ತಿ, ನಾರುಬಟ್ಟೆಯ ಚಿಂದಿ ಕೊಳೆಸಿ, ಕುಟ್ಟಿ, ಗಂಜಿಯಂತೆ ಮಾಡಿ ಹಾಳೆ ಎತ್ತುತ್ತಿದ್ದರು. ಅಮೆರಿಕದಲ್ಲಿ ಮರದ ತಿರುಳು ಬಳಕೆಗೆ ಬಂದದ್ದು 1860ರ ದಶಕದ ನಂತರ. ಹಾಗಾಗಿ ಚಿಂದಿ ಇಲ್ಲ ಅಂದರೆ ಕಾಗದ ಇಲ್ಲ. ಹಳ್ಳಿಯಲ್ಲಿ ನಗದು ಕಮ್ಮಿ, ಆದ್ದರಿಂದ ಪತ್ರಿಕೆಯ ಚಂದಾಕ್ಕೆ ಚಿಂದಿ, ಸೌದೆ, ಗೋಧಿ ಕೊಟ್ಟರೂ ನಡೆಯುತ್ತಿತ್ತು. ಹೆಂಗಸರು ಮನೆಯಲ್ಲಿ ಕೂಡಿಟ್ಟ ಹಳೇ ಅಂಗಿಯ ತುಂಡೇ ಪತ್ರಿಕೆಯಾಗಿ ವಾಪಸ್ ಬರುತ್ತಿತ್ತು ಅಂದರೂ ತಪ್ಪಿಲ್ಲ.

ಒಂದು ಸೆಂಟಿನ ವಿಷಯ ನನ್ನ ಮನಸ್ಸಿಗೆ ತುಂಬಾ ನಾಟಿದ್ದು. ಕಸುಬು ಕಲಿಯಲು ಹುಡುಗರನ್ನು ಕರಾರು ಬರೆದು ಯಜಮಾನನಿಗೆ ಒಪ್ಪಿಸುತ್ತಿದ್ದರು. ಊಟ, ಬಟ್ಟೆ, ವಿದ್ಯೆ ಅವನದು. ವರ್ಷಗಟ್ಟಲೆ ದುಡಿತ ಹುಡುಗನದು. ಓಡಿಹೋದರೆ ಜಾಹೀರಾತು. ಬಹುಮಾನ ಅಷ್ಟು ಚಿಕ್ಕದಿದ್ದರೆ ‘ಹಿಡಿದು ತನ್ನಿ’ ಅನ್ನುವ ಆಸೆ ಅಷ್ಟಕ್ಕಷ್ಟೇ ಅಂತ ತಿಳಿಯಿರಿ. ‘ಇವನಿಗೆ ಜಾಗ ಕೊಡಬೇಡಿ, ಇವನ ಸಾಲಕ್ಕೆ ನಾನು ಹೊಣೆಯಲ್ಲ’ ಅಂತ ಊರಿಗೆ ಹೇಳುವುದೇ ಮುಖ್ಯ. 1826ರಲ್ಲಿ ಮಿಸೌರಿಯ ಫ್ರಾಂಕ್ಲಿನ್‌ನಲ್ಲಿ ಕುದುರೆ ಜೀನು ಹೊಲಿಯುವ ಡೇವಿಡ್ ವರ್ಕ್‌ಮನ್ ಇಂಥದ್ದೇ ಹಾಕಿಸಿದ್ದ, ಬಹುಮಾನ ಒಂದು ಸೆಂಟ್. ಹುಡುಗನಿಗೆ ಸುಮಾರು ಹದಿನಾರು ವರ್ಷ. ಹೆಸರು ಕಿಟ್ ಕಾರ್ಸನ್. ಮುಂದೆ ಪಶ್ಚಿಮದ ಬೆಟ್ಟಗಾಡಿನಲ್ಲಿ ದಾರಿ ತೋರುವವನಾಗಿ ದೇಶಕ್ಕೆಲ್ಲ ಪರಿಚಿತನಾದವನು ಇವನೇ.

ಅಂದರೆ, ಆ ಊರನ್ನು ನೋಡಬೇಕಾದರೆ ಸುದ್ದಿ ಬಿಡಿ, ಜಾಹೀರಾತು ಓದಿ. ಮಗಳಿಗೆ ಹೇಳಿ ಉಳಿದ ಪುಟಗಳ ಫೋಟೊನೂ ತರಿಸಿಕೊಳ್ಳಿ. ಕಮ್ಮಾರ, ಪೀಪಾಯಿ ಮಾಡುವವನು, ಚರ್ಮ ಹದ ಮಾಡುವವನು, ಟೋಪಿ ಹೊಲಿಯುವವನು ಸಿಗಬಹುದು. ‘ಒಲೆ ಬೂದಿ ಕೊಳ್ಳುತ್ತೇವೆ’ ಅಂತ ಇದ್ದರೆ ಆಶ್ಚರ್ಯ ಬೇಡ. ಕಾಡು ಕಡಿದು ಸುಟ್ಟ ಬೂದಿಯಿಂದ ಸೋಪು, ಗಾಜಿಗೆ ಬೇಕಾದ ಪೊಟ್ಯಾಷ್ ತೆಗೆಯುತ್ತಿದ್ದರು. ಫೋಟೊ ಬಂದರೆ ನನಗೂ ಒಂದು ಪ್ರತಿ ಕಳಿಸಿ, ಯಾವ ಮೊಳೆ ಬಳಸಿದ್ದಾರೆ ಅಂತ ನೋಡುವ ಆಸೆ.