ಮನೆ ಕಟ್ಟಿಸಿಕೊಡುವವನ ಭಕ್ತಿ ಬರೀ ಜಾಹೀರಾತೇ?

ನಿಮ್ಮ ಪ್ರಶ್ನೆ ಹೀಗಿದೆ: "ಶಿವಮೊಗ್ಗದಂಥ ಊರಿನಲ್ಲಿ ಮನೆ ಕಟ್ಟಿಸಿಕೊಡುವ ಉದ್ಯಮ ನಡೆಸುತ್ತ, ಜೊತೆಗೆ ದೇವಸ್ಥಾನ, ಸಮಾಜ ಎಂದು ಓಡಾಡುವವರ ಬದುಕು ನಿಜಕ್ಕೂ ಹೇಗಿರುತ್ತದೆ? ಅವರ ಭಕ್ತಿಯೂ ಒಂದು ಬಗೆಯ ಜಾಹೀರಾತೇ ಅಲ್ಲವೇ?"

ಅರ್ಧ ಹೌದು. ನಾನು ಗಾರೆ ಮೇಸ್ತ್ರಿಯೊಬ್ಬರ ಮಗ. ಈಗ ಗುತ್ತಿಗೆ ಹಿಡಿದು ಮನೆ ಕಟ್ಟಿಸಿಕೊಡುತ್ತೇನೆ, ನಮ್ಮ ಬಡಾವಣೆಯ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯಲ್ಲೂ ಇದ್ದೇನೆ. ಮಂಗಳಾರತಿ ಮುಗಿದು ತೀರ್ಥ ತೆಗೆದುಕೊಳ್ಳುವಷ್ಟರಲ್ಲಿ ಯಾರಾದರೂ ಪಕ್ಕಕ್ಕೆ ಕರೆದು, "ಗೋಪಾಳದಲ್ಲಿ ಒಂದು ಮೂವತ್ತು ನಲವತ್ತರ ಸೈಟಿದೆ, ಚದರಕ್ಕೆ ಎಷ್ಟಾಗಬಹುದು ಮಾರಾಯರೇ?" ಎಂದು ಕೇಳುತ್ತಾರೆ. ಆ ಜಗಲಿಯಿಂದ ನನಗೆ ಕೆಲಸ ಬಂದಿದೆ, ಬರುತ್ತಲೂ ಇದೆ. ಆದರೆ ಸೋರಿದ ಸಜ್ಜಾದ ದೂರೂ ಅದೇ ಜಗಲಿಗೇ ಬರುತ್ತದೆ, ಅದೂ ಹತ್ತು ಜನರೆದುರು. ಬೆಂಗಳೂರಿನ ಬಿಲ್ಡರ್ ಫೋನ್ ಎತ್ತದೆ ಇರಬಹುದು. ನಾನು ಅಷ್ಟೋತ್ತರದ ನಡುವೆ ಎದ್ದು ಎಲ್ಲಿಗೆ ಹೋಗಲಿ?

ಇದು ತಮಾಷೆಯ ಮಾತಲ್ಲ. ಮನೆ, ಫ್ಲಾಟ್ ಕೊಳ್ಳುವವರ ರಕ್ಷಣೆಗೆಂದು ಬಂದ 2016ರ ರೇರಾ ಕಾಯ್ದೆ ಇರುವುದು ದೊಡ್ಡ ಯೋಜನೆಗಳಿಗೆ: 500 ಚದರ ಮೀಟರ್‌ಗಿಂತ ಹೆಚ್ಚಿನ ಜಾಗ, ಎಂಟಕ್ಕಿಂತ ಹೆಚ್ಚು ಫ್ಲಾಟ್‌ಗಳು. ಅಲ್ಲಿ ಗ್ರಾಹಕರ ಹಣದ ಶೇ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು, ಕಟ್ಟಡದ ದೋಷಕ್ಕೆ ಐದು ವರ್ಷ ಹೊಣೆ ಹೊರಬೇಕು. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಸ್ವಂತ ಸೈಟಿನಲ್ಲಿ ಕಟ್ಟಿಸುವ ಒಂಟಿ ಮನೆಗೆ ಆ ರಕ್ಷಣೆ ಇಲ್ಲ. ಅವರ ಕೈಯಲ್ಲಿರುವುದು ಒಂದು ಒಪ್ಪಂದ ಪತ್ರ ಮತ್ತು ನನ್ನ ಮುಖದ ಪರಿಚಯ. ನಾನು ನಾಳೆಯೂ ಆ ಜಗಲಿಗೆ ಬರಲೇಬೇಕು ಎಂಬುದೇ ಅವರಿಗಿರುವ ದೊಡ್ಡ ಭದ್ರತೆ.

ಬದುಕು ಹೇಗಿರುತ್ತದೆ ಎಂದಿರಿ. ಮಳೆಯ ಲೆಕ್ಕದಲ್ಲಿ ನಡೆಯುತ್ತದೆ. ದೀಪಾವಳಿ ಕಳೆದ ಮೇಲೆ ಪಾಯ ತೆಗೆದರೆ ಜೂನ್ ಹಿಡಿಯುವುದರೊಳಗೆ ತಲೆಯ ಮೇಲೆ ಸೂರು ಕಾಣಬೇಕು. ಮಳೆಗಾಲದಲ್ಲಿ ಒಳಗಿನ ಗಾರೆ, ವೈರಿಂಗ್, ನೆಲದ ಕೆಲಸ. ಗದ್ದೆ ತುಂಬಿಸಿ ಮಾಡಿದ ಲೇಔಟುಗಳಲ್ಲಿ ಮೇಲಿನ ಮಣ್ಣು ಎಷ್ಟೇ ಗಟ್ಟಿಯಾಗಿ ಕಂಡರೂ ಪಾಯವನ್ನು ತುಂಬಿಸಿದ ಮಣ್ಣು ದಾಟಿಸಿ ಮೂಲ ನೆಲಕ್ಕೆ ಇಳಿಸಬೇಕು. ಅಲ್ಲಿ ಖರ್ಚಾದ ಹಣ ಆಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ, ಹಾಗಾಗಿ ಅದನ್ನು ಒಪ್ಪಿಸುವುದೇ ಕಷ್ಟ. ಗೇಟಿನ ಡಿಸೈನಿಗೆ ಮಾತ್ರ ಯಾರೂ ಚೌಕಾಶಿ ಮಾಡುವುದಿಲ್ಲ!

ಮೋಲ್ಡ್ ಹಾಕುವ, ಅಂದರೆ ಸೂರಿಗೆ ಕಾಂಕ್ರೀಟ್ ಸುರಿಯುವ ದಿನ ಗೊತ್ತುಮಾಡುವುದಂತೂ ಒಂದು ಸಂಧಾನ. ಮನೆಯವರಿಗೆ ರಾಹುಕಾಲ ತಪ್ಪಿಸಬೇಕು. ಕಾಂಕ್ರೀಟಿಗೆ ಹಲಗೆ, ಆಸರೆ ಕಟ್ಟುವ ನಮ್ಮ ಸೆಂಟ್ರಿಂಗ್ ಮೇಸ್ತ್ರಿ ಮುಸ್ಲಿಮರು, ರಂಜಾನ್ ತಿಂಗಳಾದರೆ ಉಪವಾಸವಿದ್ದು ಬಿಸಿಲಲ್ಲಿ ನಿಲ್ಲುತ್ತಾರೆ. ಆದ್ದರಿಂದ ಬೆಳಕು ಹರಿಯುವ ಮೊದಲೇ ಮಿಕ್ಸರ್ ತಿರುಗಲು ಶುರುವಾಗಬೇಕು. ಒಮ್ಮೆ ಕಾಂಕ್ರೀಟ್ ಸುರಿಯಲು ತೊಡಗಿದರೆ ಮಧ್ಯೆ ನಿಲ್ಲಿಸುವಂತಿಲ್ಲ. ಆಗುಂಬೆಯ ಕಡೆಯಿಂದ ಮೋಡ ಕವಿದರೆ ಪಂಚಾಂಗವನ್ನೂ ಬದಿಗಿಟ್ಟು ಎಲ್ಲರೂ ಟಾರ್ಪಾಲು ಹುಡುಕುತ್ತೇವೆ.

ಇನ್ನು ದೇವಸ್ಥಾನದ ವಿಷಯ. ಅಲ್ಲಿನ ಗುತ್ತಿಗೆಯನ್ನು ನಾನು ಹಿಡಿಯುವುದಿಲ್ಲ, ಇದು ನನ್ನದೇ ನಿಯಮ. ಲಾಭವಿಲ್ಲದೆ ಮಾಡಿದರೂ ಲಾಭ ಹೊಡೆದ ಎನ್ನುತ್ತಾರೆ, ನಿಜಕ್ಕೂ ಹೊಡೆದರೆ ಯಾರೂ ಏನೂ ಅನ್ನುವುದಿಲ್ಲ, ಎರಡೂ ಕೆಟ್ಟದ್ದೇ. ನನ್ನ ಪಾಲಿನ ಸೇವೆ ಅಳತೆ ಮತ್ತು ಬಿಲ್ಲು. ಮರಳಿನ ಲಾರಿ ಬಂದರೆ ಮೇಲೆ ಹತ್ತಿ, ಕಬ್ಬಿಣದ ಸರಳನ್ನು ನಾಲ್ಕು ಮೂಲೆಗೂ ನಡುವಿಗೂ ಚುಚ್ಚಿ ಆಳ ನೋಡುತ್ತೇನೆ. ನಡುವೆ ಗುಡ್ಡೆ ಏರಿಸಿ ಮೂಲೆ ತಗ್ಗಾಗಿ ಬಿಟ್ಟಿರುತ್ತಾರೆ. ಮರಳು ಒದ್ದೆಯಾಗಿದ್ದರೆ ಅಳತೆಯಲ್ಲಿ ಕಾಲು ಭಾಗದಷ್ಟು ಉಬ್ಬಿರುವುದೂ ಉಂಟು. ಅದಕ್ಕೆ ಕಡಿತ ಹಾಕಿದಾಗ ಲಾರಿಯವರು, "ದೇವರ ಕೆಲಸಕ್ಕೂ ಇಷ್ಟು ಲೆಕ್ಕವೇ ಸ್ವಾಮಿ?" ಎನ್ನುತ್ತಾರೆ. ಹೌದು, ಅದಕ್ಕೇ. ಹೂವು ಮಾರುವ ಅಮ್ಮ ಕೊಟ್ಟ ಹಣವೂ ಆ ಹುಂಡಿಯಲ್ಲಿದೆ. ಬಾಗಿಲ ಚೌಕಟ್ಟಿನ ಕೆತ್ತನೆಯನ್ನು ಸಾಗರದ ಕಡೆಯ ಗುಡಿಗಾರರಿಂದಲೇ, ಅಂದರೆ ಪರಂಪರೆಯಿಂದ ಮರ ಕೆತ್ತುವವರಿಂದಲೇ, ಮಾಡಿಸಬೇಕೆಂದು ನಾನು ಹಟ ಹಿಡಿದೆ. ಅದು ದುಬಾರಿ, ಒಪ್ಪುತ್ತೇನೆ. ದಾನಿಗಳ ಹೆಸರಿನ ಗ್ರಾನೈಟ್ ಫಲಕಗಳಿಗೆ ಆಗುವ ಖರ್ಚನ್ನು ನೋಡಿದವರು ಆ ಬಗ್ಗೆ ಮಾತಾಡಬಾರದು.

2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತಲ್ಲ, ಆಗ ಸೈಟುಗಳಲ್ಲಿದ್ದ ಪಂಪು, ಬುಟ್ಟಿ, ಸನಿಕೆಗಳೆಲ್ಲ ಕೆಸರು ಎತ್ತಲು ಹೋದವು. ಜನರೂ ಹೋದರು. ಅದನ್ನು ಸಮಾಜಸೇವೆ ಎಂದು ಬರೆದುಕೊಳ್ಳಲು ನನಗೆ ಸಂಕೋಚ. ಕೆಲಸ ಮಾಡಿದ್ದು ಕೊಪ್ಪಳ, ರಾಯಚೂರು ಕಡೆಯ ಆಳುಗಳು, ಪೇಪರಿನಲ್ಲಿ ಫೋಟೊ ಬಂದದ್ದು ನಮ್ಮದು.

ಭಕ್ತಿಯ ಮಾತು ಬಂದರೆ ನನಗೆ ನೆನಪಾಗುವುದು ಗೃಹಪ್ರವೇಶದ ಊಟ. ಮುಂಗಡ ಪಡೆಯುವ ದಿನವೇ ಮನೆಯವರಿಗೆ ಒಂದು ಮಾತು ಹೇಳಿರುತ್ತೇನೆ: ಮನೆ ಕಟ್ಟಿದವರು ಮೊದಲ ಪಂಕ್ತಿಯಲ್ಲಿ ಕೂರಬೇಕು. ಸಾಮಾನ್ಯವಾಗಿ ಮೇಸ್ತ್ರಿಗೆ ಪಂಚೆ, ಶಲ್ಯ, ತಾಂಬೂಲ ಸಿಗುತ್ತದೆ, ಮಣ್ಣು ಹೊತ್ತ ಹೆಂಗಸರು ಗೇಟಿನ ಬಳಿ ನಿಂತಿರುತ್ತಾರೆ. ವಿನೋಬನಗರದ ಒಂದು ಮನೆಯಲ್ಲಿ ಎಲೆ ಹಾಕಿ ಉಪ್ಪು, ಕೋಸಂಬರಿ ಬಡಿಸಿ ಆಗಿತ್ತು. ಹಿರಿಯರೊಬ್ಬರು ನನ್ನ ಕಿವಿಯಲ್ಲಿ, "ನೆಂಟರು ಏಳಲಿ, ಇವರನ್ನು ಆಮೇಲೆ ಕೂರಿಸೋಣ" ಎಂದರು. "ಯಜಮಾನರೇ, ನಿಮ್ಮ ದೇವರ ಕೋಣೆಯ ಕಲ್ಲು ಕೂರಿಸಿದ ಕೈ ಇವರದೇ" ಎಂದೆ. ಕೂರಿಸಿದರು, ಆದರೆ ಮುಖ ಬಿಗಿಯಾಗಿತ್ತು. ಅವರ ತಮ್ಮನ ಮನೆಯ ಕೆಲಸ ಮುಂದೆ ಬೇರೆಯವರ ಪಾಲಾಯಿತು. ಜಾಹೀರಾತಿನ ಲೆಕ್ಕದಲ್ಲಿ ಅದು ಶುದ್ಧ ನಷ್ಟ.

ನನ್ನನ್ನು ಕೇಳಿದರೆ ಈ ಉದ್ಯಮದವರು ಮಾಡಬಹುದಾದ ಸೇವೆ ಅನ್ನದಾನಕ್ಕಿಂತ ಹೆಚ್ಚಾಗಿ ಲೇಬರ್ ಕಾರ್ಡ್ ಮಾಡಿಸಿಕೊಡುವುದು. 18ರಿಂದ 60 ವಯಸ್ಸಿನೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡು ಈ ಕಾರ್ಡ್ ಪಡೆಯಬಹುದು. ಮಕ್ಕಳ ಓದಿಗೆ, ಅಪಘಾತಕ್ಕೆ, ಮುಪ್ಪಿಗೆ ಅದರಿಂದ ನೆರವಿದೆ. ಕಟ್ಟಡದ ವೆಚ್ಚದ ಮೇಲಿನ ಶೇ 1ರ ಸೆಸ್ ಹಣ ಇದಕ್ಕಾಗಿಯೇ ಇರುವುದು. ಆದರೆ 90 ದಿನ ಕೆಲಸ ಮಾಡಿದ್ದಕ್ಕೆ ಸಹಿ ಹಾಕಿಕೊಡಲು ಎಷ್ಟೋ ಗುತ್ತಿಗೆದಾರರು ಹಿಂಜರಿಯುತ್ತಾರೆ. ನಾಳೆ ಯಾವ ತಲೆನೋವು ಬರುತ್ತದೋ ಎಂಬ ಅಂಜಿಕೆ. ನಾವು ಶನಿವಾರ ಬಟವಾಡೆ ಮಾಡಿ, ಭಾನುವಾರ ದೇವಸ್ಥಾನದ ಸಮುದಾಯ ಭವನದಲ್ಲಿ ಅರ್ಜಿ ತುಂಬಿಸುತ್ತೇವೆ. ಆಧಾರಿನಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಹುಟ್ಟಿದ ದಿನ ಎಲ್ಲರಿಗೂ ಜನವರಿ ಒಂದು. ಬೇಸರದ ಕೆಲಸ. ಸಮಿತಿಯ ಹುಡುಗರು ಮೊದಲೆರಡು ವಾರ ಉತ್ಸಾಹದಿಂದ ಬಂದು ಆಮೇಲೆ ಕಣ್ಮರೆಯಾಗುತ್ತಾರೆ. ಈಗ ಅರ್ಚಕರ ಮಗಳು, ಡಿಪ್ಲೊಮಾ ಓದುತ್ತಿರುವವಳು, ತನ್ನ ಲ್ಯಾಪ್‌ಟಾಪ್ ತಂದು ಕೂರುತ್ತಾಳೆ. ಪೂಜೆಗೆ ಕಾಣದವರು ಕೂಡ ಭಾನುವಾರ ಅವಳ ಮೇಜಿನ ಮುಂದೆ ಸಾಲು ನಿಲ್ಲುತ್ತಾರೆ.