ಆಕಾಶ ಎಲ್ಲಿಯವರೆಗೆ ಇದೆ ಎಂದು ಕೇಳಿ ನೋಡಿ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಹಾವಿನಂತೆ ಇಳಿದು ಬರುವ ನದಿ, ಪಕ್ಕದಲ್ಲೊಂದು ಮನೆ, ಮೇಲೆ ನಾಲ್ಕು ಹಕ್ಕಿ. ಏಳು ವರ್ಷದ ಮಗಳೂ ಹತ್ತು ವರ್ಷದ ಮಗನೂ ಪ್ರತಿ ಸಲ ಇದನ್ನೇ ಬಿಡಿಸುತ್ತಾರೆ, ಹೊರಗೆ ಕಾಣುವ ನೋಟವನ್ನು ಬಿಡಿಸಲು ಹೇಗೆ ಕಲಿಸಲಿ ಎಂದು ಕೇಳಿದ್ದೀರಿ. ಮಕ್ಕಳಿಗೆ ಚಿತ್ರ ಹೇಳಿಕೊಡುತ್ತ ಬಂದಿರುವ ನಾನು ಈ ಬೆಟ್ಟ, ಸೂರ್ಯರನ್ನು ಎಷ್ಟು ಬಾರಿ ನೋಡಿದ್ದೇನೋ ಲೆಕ್ಕವಿಲ್ಲ. ದೊಡ್ಡವರು ಯಾರೋ ಒಮ್ಮೆ ಬರೆದು ತೋರಿಸಿದ್ದು ಮಕ್ಕಳ ಕೈಗೆ ಅಂಟಿಕೊಂಡಿರುತ್ತದೆ, ಅಷ್ಟೆ. ಈಗ ನೀವು ಇನ್ನೊಂದು ಚಿತ್ರ ಬರೆದು ತೋರಿಸಿದರೆ ಹಳೆಯ ಬಾಯಿಪಾಠ ಹೋಗಿ ಹೊಸ ಬಾಯಿಪಾಠ ಬರುತ್ತದೆ.

ಮೊದಲು ವಯಸ್ಸಿನ ವಿಷಯ. ಮಗಳು ಹಾಳೆಯ ಮೇಲಂಚಿಗೆ ನೀಲಿ ಪಟ್ಟಿ, ಕೆಳಗೆ ಹಸಿರು ಪಟ್ಟಿ ಬಳಿದು ನಡುವೆ ಖಾಲಿ ಬಿಡುತ್ತಾಳೆ ಎಂದಿರಿ. ಕಲಾ ಶಿಕ್ಷಣದ ಬಗ್ಗೆ ಬರೆದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ಇದನ್ನು ಏಳರಿಂದ ಒಂಬತ್ತು ವರ್ಷದ ಮಕ್ಕಳ ಹಂತವೆಂದು ಗುರುತಿಸಿದ್ದರು. ಅವಳ ಲೆಕ್ಕದಲ್ಲಿ ಆಕಾಶ ಮೇಲಿದೆ, ನೆಲ ಕೆಳಗಿದೆ, ನಡುವೆ ಇರುವುದು ಗಾಳಿ. ಲೆಕ್ಕ ತಪ್ಪೇನೂ ಅಲ್ಲ. ಅವಳನ್ನು ತಿದ್ದಲು ಹೋಗಬೇಡಿ. ಮಗನಿಗೆ ಮಾತ್ರ ಈಗ ನೋಡುವುದನ್ನು ಕಲಿಸಬಹುದು.

ಒಂದು ದಪ್ಪ ರಟ್ಟಿನಲ್ಲಿ 10 ಸೆಂ.ಮೀ. ಅಗಲ, 7 ಸೆಂ.ಮೀ. ಎತ್ತರದ ಕಿಟಕಿ ಕತ್ತರಿಸಿಕೊಡಿ. ಅಡ್ಡ ಹಿಡಿದ ಎ4 ಹಾಳೆಯ ಆಕಾರಕ್ಕೆ ಇದು ಹೆಚ್ಚುಕಡಿಮೆ ಹೊಂದುತ್ತದೆ. ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಅದರೊಳಗೆ ಕಂಡಷ್ಟನ್ನೇ ಬಿಡಿಸಬೇಕು. ಊರೆಲ್ಲವನ್ನೂ ಒಂದೇ ಹಾಳೆಗೆ ತುಂಬುವ ಚಟ ಇದರಿಂದಲೇ ಅರ್ಧ ಬಿಟ್ಟುಹೋಗುತ್ತದೆ.

ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: ಆಕಾಶ ಎಲ್ಲಿಯವರೆಗೆ ಇದೆ? ನನ್ನ ಬಳಿ ಕಲಿಯುತ್ತಿದ್ದ ಹುಡುಗನೊಬ್ಬ ಕಿಟಕಿಯ ಗಾಜಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಜಾರಿಸುತ್ತ ಬಂದ. ಬೆರಳು ಮರದ ನೆತ್ತಿಗೆ ಬಂದು ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲೆಗಳ ಸಂದಿಯಲ್ಲೂ ಇದೆಯಲ್ಲ!" ಎಂದ, ಯಾರೋ ತನಗೆ ಇಷ್ಟು ದಿನ ಮೋಸ ಮಾಡಿದ್ದಾರೆ ಎನ್ನುವ ದನಿಯಲ್ಲಿ. ಅವತ್ತಿನಿಂದ ಅವನ ಮರಗಳಲ್ಲಿ ಆಕಾಶ ಇಣುಕತೊಡಗಿತು. ನಾನು ಹೇಳಿಕೊಟ್ಟಿದ್ದರೆ ಇದು ಮರುದಿನಕ್ಕೆ ಮರೆತುಹೋಗುತ್ತಿತ್ತು.

ಇನ್ನು ಹಿಂದೆ, ಮುಂದೆ ಎಂಬುದು. ನನ್ನನ್ನು ಕೇಳಿದರೆ ನಿಸರ್ಗಚಿತ್ರದ ಮುಕ್ಕಾಲು ಪಾಲು ಇದೇ. ಪೆನ್ಸಿಲಿನಲ್ಲಿ ಹತ್ತಿರದ ವಸ್ತುವನ್ನು ಮೊದಲು ಬಿಡಿಸಲಿ. ಹಿಂದಿನ ಬೆಟ್ಟದ ಗೆರೆ ಬಂದು ಅದಕ್ಕೆ ತಾಗಿದಲ್ಲಿ ನಿಲ್ಲಲಿ. ಬಣ್ಣ ಹಚ್ಚುವಾಗ ಕ್ರಮ ತಿರುವುಮುರುವು: ದೂರದ್ದು ಮೊದಲು, ಹತ್ತಿರದ್ದು ಕೊನೆಗೆ. ಮಗಳಿಗೂ ಇದನ್ನು ಆಟವಾಗಿ ಕಲಿಸಬಹುದು. ಮೂರು ಬಣ್ಣದ ಕಾಗದಗಳನ್ನು ಕತ್ತರಿಯಿಲ್ಲದೆ ಕೈಯಲ್ಲೇ ಉದ್ದಕ್ಕೆ ಹರಿದು, ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಮುಚ್ಚುವಂತೆ ಇಡಲಿ. ಹರಿದ ಅಂಚು ತಾನಾಗಿಯೇ ಬೆಟ್ಟದ ಸಾಲಾಗುತ್ತದೆ. ಅಂಟಿಸುವ ಮೊದಲು ಮೇಲೆ ಕೆಳಗೆ ಸರಿಸಿ ಆಡಲು ಬಿಡಿ, ಅವಸರ ಬೇಡ. ಇನ್ನೊಂದು ಮಾತು: ಎರಡು ಮರಗಳಲ್ಲಿ ಹತ್ತಿರದ್ದರ ಬುಡ ಹಾಳೆಯಲ್ಲಿ ಕೆಳಗಿರುತ್ತದೆ. ಮಕ್ಕಳು ಹತ್ತಿರದ ಮರವನ್ನು ದೊಡ್ಡದಾಗಿ ಬಿಡಿಸುತ್ತಾರೆ, ಆದರೆ ಎಲ್ಲ ಬುಡಗಳನ್ನೂ ಒಂದೇ ಗೆರೆಯ ಮೇಲೆ ಕೂರಿಸಿಬಿಡುತ್ತಾರೆ.

ನೆಲವೂ ಆಕಾಶವೂ ಕೂಡುವ ಗೆರೆ ನೋಡುವವರ ಕಣ್ಣಿನ ಮಟ್ಟದಲ್ಲಿರುತ್ತದೆ. ಬಯಲಿನಲ್ಲಿ ಮಗನನ್ನು ಕೂರಿಸಿ, ನಿಲ್ಲಿಸಿ ನೋಡಲು ಹೇಳಿ. ಅವನು ಎದ್ದಂತೆ ಗೆರೆಯೂ ಮೇಲೇರುತ್ತದೆ. ಹಾಳೆಯಲ್ಲಿ ಅದನ್ನು ನಟ್ಟನಡುವೆ ಎಳೆಯುವುದು ಬೇಡ. ಮೋಡ ಚೆನ್ನಾಗಿದ್ದರೆ ಕೆಳಗೆ, ನೆಲದಲ್ಲಿ ನೋಡುವಂಥದ್ದಿದ್ದರೆ ಮೇಲೆ.

ಮರ ಎಂದರೆ ಕಡ್ಡಿಗೆ ಸಿಕ್ಕಿಸಿದ ಹಸಿರು ಉಂಡೆ ಎಂಬ ಭ್ರಮೆ ಬಿಡಿಸಲು ಉಲ್ಲನ್ ದಾರ ಬೇಕು. ಇಪ್ಪತ್ತು ಎಳೆಗಳನ್ನು ಒಟ್ಟಿಗೆ ಹಿಡಿದು ಹೊಸೆಯಿರಿ, ಅದು ಕಾಂಡ. ಮೇಲೆ ಹೋದಂತೆ ಎಂಟು ಎಳೆ ಒಂದು ಕಡೆಗೆ, ಹನ್ನೆರಡು ಇನ್ನೊಂದು ಕಡೆಗೆ. ಎಂಟು ಮತ್ತೆ ಮೂರು, ಐದಾಗಿ ಒಡೆಯಲಿ. ಒಂದು ಮಟ್ಟದ ಕೊಂಬೆಗಳ ದಪ್ಪವನ್ನೆಲ್ಲ ಕೂಡಿಸಿದರೆ ಕಾಂಡದ ದಪ್ಪಕ್ಕೆ ಸಮ ಎಂದು ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟದ್ದು ಇದನ್ನೇ. ದಾರ ಕೈಯಲ್ಲಿ ಹಿಡಿದ ಮಗು ಆಮೇಲೆ ತುದಿಕೊಂಬೆಯನ್ನು ಕಾಂಡದಷ್ಟೇ ದಪ್ಪ ಬಿಡಿಸುವುದಿಲ್ಲ.

ಬಣ್ಣದಲ್ಲಿ ನಾನು ಸ್ವಲ್ಪ ಹಟಮಾರಿ. ಡಬ್ಬಿಯ ಹಸಿರನ್ನು ಎತ್ತಿಟ್ಟುಬಿಡುತ್ತೇನೆ. ಹಳದಿಗೆ ನೀಲಿಯನ್ನು ಚೂರು ಚೂರೇ ಬೆರೆಸುತ್ತ ಹೋದರೆ ಐದಾರು ಹಸಿರುಗಳು ಹುಟ್ಟುತ್ತವೆ. ಹತ್ತಿರದ ಹುಲ್ಲಿಗೆ ಹಳದಿ ಹೆಚ್ಚಿರುವುದು, ದೂರದ ಗುಡ್ಡಕ್ಕೆ ನೀಲಿ ಹೆಚ್ಚಿರುವುದು, ಜೊತೆಗೆ ನೀರೂ ಹೆಚ್ಚು. ನಡುವಿನ ಗಾಳಿ ನೀಲಿ ಬೆಳಕನ್ನೇ ಹೆಚ್ಚು ಚದುರಿಸುವುದರಿಂದ ದೂರದ ಗುಡ್ಡ ನೀಲಿಯಾಗಿ, ಮಸುಕಾಗಿ ಕಾಣುತ್ತದೆ. ಮಗಳಿಗೆ ಬಿಳಿ ಮೇಣದ ಬಳಪದಲ್ಲಿ ಮೋಡ ಗೀಚಿ, ಮೇಲೆ ನೀಲಿ ಜಲವರ್ಣ ಬಳಿಯಲು ಹೇಳಿ. ಮೇಣ ನೀರನ್ನು ಹಿಡಿಯುವುದಿಲ್ಲ, ಮೋಡ ತಾನೇ ಮೂಡುತ್ತದೆ. ಹಾಳೆ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ದಪ್ಪದ ಲೆಕ್ಕ) ಇರಲಿ, ತೆಳುವಾದದ್ದು ನೀರು ತಾಗಿದರೆ ಸುರುಟಿಕೊಳ್ಳುತ್ತದೆ. ಪೆನ್ಸಿಲ್ ಎಚ್‌ಬಿ ಸಾಕು. ಅದಕ್ಕಿಂತ ಮೆತ್ತಗೆ, ಕಪ್ಪಗೆ ಬರೆಯುವ 4ಬಿ ಕೊಟ್ಟರೆ ಅಂಗೈಯೆಲ್ಲ ಮಸಿ.

ಹೊರಗೆ ಕೂತಾಗ ನೆರಳು ಎತ್ತ ಬಿದ್ದಿದೆ ಎಂದು ಮೊದಲೇ ಒಂದು ಗೆರೆ ಗುರುತು ಹಾಕಿಸಿ, ಅರ್ಧ ಗಂಟೆಯಲ್ಲಿ ಅದು ಸರಿದಿರುತ್ತದೆ. ರಬ್ಬರು ಮೊದಲ ಹತ್ತು ನಿಮಿಷ ನಿಮ್ಮ ಜೇಬಿನಲ್ಲಿರಲಿ.

ಅವರ ಹಾಳೆಯ ಮೇಲೆ ನಿಮ್ಮ ಪೆನ್ಸಿಲ್ ಮಾತ್ರ ಓಡಬಾರದು. ಒಮ್ಮೆ ಒಬ್ಬ ಹುಡುಗಿಯ ವಾಲಿದ ಬೇಲಿಯನ್ನು ನಾನೇ ನೆಟ್ಟಗೆ ಮಾಡಿಕೊಟ್ಟೆ. ಚಿತ್ರ ಚೆಂದವಾಯಿತು. ಹೋಗುವಾಗ ಅದನ್ನು ಮೇಜಿನ ಮೇಲೆಯೇ ಬಿಟ್ಟುಹೋದಳು, ಮರೆತು ಎಂದುಕೊಂಡೆ. ಮಾರನೆಯ ದಿನ ಕೊಡಲು ಹೋದರೆ, "ಅದು ನಿಮ್ಮದು" ಎಂದಳು. ಏನಾದರೂ ತೋರಿಸಲೇಬೇಕಾದರೆ ಪಕ್ಕದಲ್ಲಿ ನಿಮ್ಮದೇ ಹಾಳೆ ಇಟ್ಟುಕೊಳ್ಳಿ.

ಬೆಟ್ಟ, ಸೂರ್ಯ ಮತ್ತೆ ಬಂದರೆ ಬರಲಿ, ಬೈಯಬೇಡಿ. ಆ ಬೆಟ್ಟಗಳಲ್ಲಿ ಯಾವುದು ಮುಂದಿದೆ ಎಂದಷ್ಟೇ ಕೇಳಿ. ಮೊದಲ ದಿನ ಬಿಡಿಸಿದ್ದನ್ನು ಇಲ್ಲಿ ಹಾಕಿ, ಮರದ ಬುಡ ಎಲ್ಲಿ ಕೂತಿದೆ ನೋಡೋಣ.